ಓಡಿದ್ದು ನಾವು, ಡೇಟಾ ಯಾರ ಹತ್ತಿರ?

2020ರ ಜುಲೈ 23. ಓಡಿ ಬಂದವರು ಫೋನ್ ತೆರೆದರೆ ಗಾರ್ಮಿನ್ ಕನೆಕ್ಟ್, ಅಂದರೆ ಗಾರ್ಮಿನ್ ಕಂಪನಿಯ ಜಿಪಿಎಸ್ ವಾಚಿನ ಓಟದ ದಾಖಲೆ ತೋರಿಸುವ ಆ್ಯಪ್, ಸಿಂಕ್ ಆಗುತ್ತಲೇ ಇರಲಿಲ್ಲ. ಕಂಪನಿಯ ಮೇಲೆ, ಡೇಟಾಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ದಾಳಿ ನಡೆದಿತ್ತು. ಸೇವೆ ಮತ್ತೆ ಬರತೊಡಗಿದ್ದು 27ಕ್ಕೆ. ಆ ದಿನಗಳಲ್ಲಿ ಎಷ್ಟೋ ಜನ ಚಾರ್ಜಿಂಗ್ ಕೇಬಲ್ ಹುಡುಕಿ, ವಾಚನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಫೈಲ್ ಎತ್ತಿಕೊಂಡು ಓಟ ಹಂಚಿಕೊಳ್ಳುವ ಆ್ಯಪ್ ಸ್ಟ್ರಾವಾಗೆ ನೇರವಾಗಿ ಹಾಕಿದರು. ಓಟ ಎಲ್ಲೂ ಹೋಗಿರಲಿಲ್ಲ, ಕೈಯಲ್ಲಿ ಕಟ್ಟಿಕೊಂಡ ವಾಚಿನಲ್ಲೇ ಇತ್ತು.

ಮೊದಲು ಇದ್ದದ್ದೇ ಈ ಕೇಬಲ್ ದಾರಿ. 2003ರಲ್ಲಿ ಬಂದ ಗಾರ್ಮಿನ್‌ನ ಓಟದ ವಾಚು ಫೋರ್‌ರನ್ನರ್ 201ಕ್ಕೆ ಸೀರಿಯಲ್ ಕೇಬಲ್. 2006ರ 305ಕ್ಕೆ ಯುಎಸ್‌ಬಿ ಬಂತು. ಆದರೆ ಅದು ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತಿರಲಿಲ್ಲ, ಅದರ ಭಾಷೆ ಗೊತ್ತಿರುವ ಸಾಫ್ಟ್‌ವೇರೇ ಬೇಕಿತ್ತು. ಲಿನಕ್ಸ್ ಬಳಸುವವರು ತಾವೇ ಕೂತು ಪ್ರೋಗ್ರಾಂ ಬರೆದುಕೊಂಡರು, ಬರೆದದ್ದನ್ನು ಎಲ್ಲರಿಗೂ ಹಂಚಿದರು. ಅವರ ಮೇಲೆ ನನಗೆ ತುಂಬಾ ಗೌರವ. 2008ರ 405 ತಂತಿ ಬಿಟ್ಟು ರೇಡಿಯೋ ತರಂಗದಲ್ಲೇ ಡೇಟಾ ಕಳಿಸತೊಡಗಿತು. ಆಮೇಲೆ ಬ್ಲೂಟೂತ್, ಫೋನು. ಅಲ್ಲಿಗೆ ಸಾಲು ಉಲ್ಟಾ ಆಯಿತು: ಡೇಟಾ ಮೊದಲು ಕಂಪನಿಯ ಸರ್ವರ್‌ಗೆ, ಆಮೇಲೆ ನಮಗೆ.

ಗಾರ್ಮಿನ್ ವಾಚನ್ನು ಒಮ್ಮೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ. 'ಗಾರ್ಮಿನ್' ಫೋಲ್ಡರ್, ಅದರೊಳಗೆ 'ಆ್ಯಕ್ಟಿವಿಟಿ', ಅದರೊಳಗೆ ಒಂದೊಂದು ಓಟಕ್ಕೂ ಒಂದು 'ಫಿಟ್' ಫೈಲು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಬರೀ ಗೀಚು. ಯಾಕೆಂದರೆ ಅದು ಬೈನರಿ, ಜಾಗ ಉಳಿಸಲು ಎಲ್ಲವನ್ನೂ ಒತ್ತಿ ತುಂಬಿರುತ್ತದೆ. ಬೆಂಗಳೂರಿನ ಅಕ್ಷಾಂಶ 12.97 ಡಿಗ್ರಿ ಅಲ್ವಾ? ಫಿಟ್ ಅದನ್ನು 15,47,38,127 ಎಂದು ಬರೆದುಕೊಳ್ಳುತ್ತದೆ. 180 ಡಿಗ್ರಿಯನ್ನು ಎರಡರ 31ನೇ ಘಾತದಷ್ಟು ಚೂರು ಮಾಡಿ ಎಣಿಸುವ ಲೆಕ್ಕ ಅದು. ಸಮಯವನ್ನು ಎಣಿಸುವುದು 1989ರ ಡಿಸೆಂಬರ್ 31ರಿಂದ, ಸೆಕೆಂಡುಗಳಲ್ಲಿ. ಈ ಲೆಕ್ಕವನ್ನೆಲ್ಲ ಗಾರ್ಮಿನ್ ಬಹಿರಂಗವಾಗಿಯೇ ಪ್ರಕಟಿಸಿದೆ, ಹಾಗಾಗಿ ಯಾರು ಬೇಕಾದರೂ ಓದುವ ಪ್ರೋಗ್ರಾಂ ಬರೆಯಬಹುದು. ಇದು ದೊಡ್ಡ ಉಪಕಾರ.

2002ರಲ್ಲಿ ಬಂದ ಜಿಪಿಎಕ್ಸ್ ಎಂಬ ಇನ್ನೊಂದು ಫೈಲ್ ರೂಪ ಇದಕ್ಕಿಂತ ಸರಳ. ಅದು ಬರೀ ಪಠ್ಯ, ಕಣ್ಣಲ್ಲೇ ಓದಬಹುದು. ಆದರೆ ಜಿಪಿಎಕ್ಸ್‌ಗೆ ಬದಲಾಯಿಸಿದರೆ ಲ್ಯಾಪ್‌ಗಳಂಥ (ಓಟದ ಒಂದೊಂದು ತುಂಡಿನ ಲೆಕ್ಕ) ವಿವರ ಉದುರಿಹೋಗುತ್ತದೆ. ಅದಕ್ಕೇ ನಾನು ಹೇಳುವುದು, ಮೂಲ ಫಿಟ್ ಫೈಲನ್ನೇ ಇಟ್ಟುಕೊಳ್ಳಿ.

ಕಾನೂನು ಏನನ್ನುತ್ತದೆ? ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಡೇಟಾ ರಕ್ಷಣಾ ಕಾನೂನಿನ 20ನೇ ವಿಧಿ, ನಿಮ್ಮ ಡೇಟಾವನ್ನು ಯಂತ್ರ ಓದಬಲ್ಲ ರೂಪದಲ್ಲಿ ಕೇಳಿ ಪಡೆಯುವ ಹಕ್ಕು ಕೊಡುತ್ತದೆ. ನಮ್ಮಲ್ಲಿ 2019ರ ವೈಯಕ್ತಿಕ ಡೇಟಾ ರಕ್ಷಣಾ ಮಸೂದೆಯಲ್ಲಿ ಅಂಥದ್ದೇ ಹಕ್ಕು ಇತ್ತು. 2023ರ ಕಾಯ್ದೆ ಬರುವಷ್ಟರಲ್ಲಿ ಅದು ಕಾಣೆಯಾಗಿತ್ತು. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಹಾಗಾಗಿ ಭಾನುವಾರದ ಲಾಂಗ್ ರನ್ ಮುಗಿಸಿ ವಾಚನ್ನು ಚಾರ್ಜಿಗೆ ಹಾಕುವಾಗ, ಕೇಬಲ್‌ನ ಇನ್ನೊಂದು ತುದಿಯನ್ನು ಗೋಡೆಯ ಪ್ಲಗ್ಗಿಗೆ ಬದಲು ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತೇನೆ.