ಹೊಸ ಗಿಡ ತರೋಕೆ ಮುಂಚೆ ಹಳೇ ಗಿಡದ ಬೇರು ನೋಡಿ

ಲಾಲ್‌ಬಾಗ್ ಫ್ಲವರ್ ಶೋ ಮುಗೀತಿದ್ದಂಗೆ, ಜನವರಿ ಇರ್ಲಿ ಆಗಸ್ಟ್ ಇರ್ಲಿ, ನನಗೆ ಫೋನ್ ಶುರು. "ಸರ್, ಮೂಲೇಲಿದ್ದ ಗಿಡ ಒಣಗೋಯ್ತು, ಕಿತ್ತಾಕಿ ಹೊಸದು ತಂದಿದೀವಿ, ಏನ್ ಗೊಬ್ಬರ ಹಾಕೋದು?" ಕಿತ್ತ ಗಿಡ ಎಲ್ಲಿ ಅಂದ್ರೆ ಕಸದ ಗಾಡಿಗೆ ಹೋಯ್ತು ಅಂತಾರೆ. ಎಲೆ ಫೋಟೋ ಮಾತ್ರ ವಾಟ್ಸಾಪಲ್ಲಿ ಹತ್ತು ಕಳಿಸಿರ್ತಾರೆ. ದಯವಿಟ್ಟು ಎಲೆ ಬಿಡಿ, ಬೇರು ನೋಡಿ. ಗಿಡ ಯಾಕೆ ಹೋಯ್ತು ಅನ್ನೋದು ಬಹಳ ಸಲ ಅಲ್ಲೇ ಗೊತ್ತಾಗುತ್ತೆ. ಅದನ್ನ ನೋಡದೆ ಅದೇ ಗುಂಡಿಗೆ ಹೊಸ ಗಿಡ ಇಟ್ರೆ ಅದೂ ಹೋಗೋ ಸಾಧ್ಯತೆನೇ ಜಾಸ್ತಿ.

ಜೆಪಿ ನಗರದ ಕಡೆ ಒಬ್ರು ಅಜ್ಜಿ, ಪೂಜೆಗೆ ಕೆಂಪು ದಾಸವಾಳ ಬೇಕು ಅಂತ ಸಂಪ್ ಪಕ್ಕದ ಮೂಲೇಲಿ ವರ್ಷ ವರ್ಷ ಗಿಡ ಹಾಕೋರು, ಚಿಗುರೆಲೆ ಹಳದಿ ಆಗಿ ನರ ಮಾತ್ರ ಹಸಿರಾಗಿ ಉಳಿಯೋದು, ಇನ್ನಷ್ಟು ಗೊಬ್ಬರ ಸುರಿಯೋರು, ಗಿಡ ಹೋಗೋದು. ನಾನು ಹೋಗಿ ಗಿಡ ಎಬ್ಬಿಸಿದ್ರೆ ಬೇರು ಅರ್ಧ ಅಡಿ ಕೆಳಗಿಳಿದು ಅಲ್ಲಿಂದ ಸೀದಾ ಅಡ್ಡಕ್ಕೆ ತಿರುಗಿ ಚಪ್ಪಟೆಯಾಗಿ ಹರಡ್ಕೊಂಡಿತ್ತು. ಹಾರೆ ಹಾಕಿದ್ರೆ ಟಣ್ ಅಂತು. ಮನೆ ಕಟ್ಟುವಾಗ ಅಲ್ಲೇ ಸಿಮೆಂಟ್ ಕಲಸಿದ್ದಾರೆ, ಮೇಲೆ ಒಂದಿಷ್ಟು ಕೆಮ್ಮಣ್ಣು ಎಳೆದು ಹೋಗಿದ್ದಾರೆ. ಸಿಮೆಂಟಿನ ಸುಣ್ಣದ ಅಂಶ ಜಾಸ್ತಿ ಇದ್ದ ಮಣ್ಣಲ್ಲಿ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ಲ, ಎಲೆ ಹಂಗೆ ಆಗೋದು ಅದಕ್ಕೇ. ಅಜ್ಜಿ ಆ ಬೂದು ಪದರ ಮುಟ್ಟಿ ನೋಡಿ, "ನನ್ನ ಕೈಗುಣನೇ ಸರಿ ಇಲ್ಲ ಅಂದ್ಕೊಂಡಿದ್ನಲ್ಲಪ್ಪ" ಅಂದ್ರು. ಕೇಳಿ ಬೇಜಾರಾಯ್ತು. ಆ ಪದರ ಒಡೆದು ತೆಗೆದು, ಎರಡಡಿ ಆಳಕ್ಕೆ ಹೊಸ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿಸಿದ್ವಿ. ಈಗ ಹೂ ಬಿಡ್ತಿದೆ.

ಎಲ್ಲಾ ಮನೇಲೂ ಸಿಮೆಂಟೇ ಇರುತ್ತೆ ಅಂತಲ್ಲ. ಬೇರು ನರ್ಸರಿ ಕವರ್ ಆಕಾರದಲ್ಲೇ ಸುರುಳಿ ಸುತ್ಕೊಂಡಿದ್ರೆ ಅದು ಹೊರಗಿನ ಮಣ್ಣಿಗೆ ಹೋಗೇ ಇಲ್ಲ, ಮುಂದಿನ ಸಲ ಗಿಡ ಇಡೋಕೆ ಮುಂಚೆ ಸುತ್ತಿದ ಬೇರು ಬಿಡಿಸಿ ಇಡಿ. ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಎಳೆದ್ರೆ ಸಿಪ್ಪೆ ಜಾರಿ ಬರ್ತಿದ್ರೆ ನೀರು ನಿಂತು ಕೊಳೆತಿದೆ. ಅಂಥ ಕಡೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಇನ್ನೊಂದ್ಸಲ ತುಂಬಿಸಿ. ಮಾರನೇ ಬೆಳಗ್ಗೆನೂ ನೀರು ನಿಂತಿದ್ರೆ ಅಲ್ಲಿ ಯಾವ ಗೊಬ್ಬರದಿಂದಲೂ ಉಪಯೋಗ ಇಲ್ಲ, ಪಾತಿ ಎತ್ತರ ಮಾಡ್ಬೇಕು. ಕನಕಾಂಬರ, ಟೊಮೆಟೊ, ಬೆಂಡೆ ಹಾಕಿದ ಕಡೆ ಬೇರಲ್ಲಿ ಗಂಟು ಗಂಟು ಕಂಡ್ರೆ ಅದು ಜಂತುಹುಳು, ಅಂದ್ರೆ ಮಣ್ಣಲ್ಲಿದ್ದು ಬೇರಿಗೆ ನುಗ್ಗೋ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು (ನೆಮಟೋಡ್). ಮತ್ತೆ ಅದೇ ಗಿಡ ಅಲ್ಲಿ ಬೇಡ, ಎರಡು ಮೂರು ತಿಂಗಳು ಚೆಂಡುಹೂ ಒತ್ತಾಗಿ ಬೆಳೆಸಿ, ಮಣ್ಣಿಗೆ ಬೇವಿನ ಹಿಂಡಿ ಸೇರಿಸಿ. ಹುಳು ಪೂರ್ತಿ ಹೋಗುತ್ತೆ ಅಂತ ನಾನು ಭರವಸೆ ಕೊಡಲ್ಲ, ಕಮ್ಮಿ ಆಗುತ್ತೆ.

ಬೇರು ಚೆನ್ನಾಗಿದ್ದೂ ಗಿಡ ಸೊರಗಿದ್ರೆ ಬಿಸಿಲು ನೋಡಿ, ಅದೂ ಒಂದೇ ತಿಂಗಳಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ. ಮೇ-ಜೂನಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರ್ತಾನೆ, ಮನೆಯ ಉತ್ತರದ ಮೂಲೆಗೂ ಚೆನ್ನಾಗಿ ಬಿಸಿಲು ಬೀಳುತ್ತೆ, ಅದನ್ನ ನೋಡಿ ಗುಲಾಬಿ ಹಾಕಿಬಿಡ್ತಾರೆ. ಡಿಸೆಂಬರ್‌ಗೆ ಸೂರ್ಯ ದಕ್ಷಿಣಕ್ಕೆ ಹೋಗಿ ಅದೇ ಮೂಲೆ ದಿನವೆಲ್ಲ ಮನೆ ನೆರಳಲ್ಲಿರುತ್ತೆ. ಅಲ್ಲಿ ನಂದಿಬಟ್ಟಲು ಹಾಕಿ. ನೆರಳಿದ್ದಾಗ ಹೂ ಕಮ್ಮಿ ಬಿಡುತ್ತೆ, ಆದ್ರೆ ಗಿಡ ಉಳಿಯುತ್ತೆ.