ಜುಲೈಗೆ ಬೇಕು ಫೆಬ್ರವರಿಯ ತರಗೆಲೆ

ನಮ್ಮ ಶಾಲೆಯ ಗೊಬ್ಬರದ ಗುಂಡಿ ನಾರಲು ಶುರುವಾದದ್ದು ಜುಲೈ ಎರಡನೇ ವಾರದಲ್ಲಿ. ಗುಂಡಿ ತೋಡಿಸಿದ ಉಮೇದು ನನ್ನದೇ. ಉಡುಪಿ ಹತ್ತಿರದ ಒಂದು ಸರಕಾರಿ ಶಾಲೆ ಅದು, ನಾನು ಅಲ್ಲಿನ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ, ಇದ್ದೇನೆ. ಬಿಸಿಯೂಟದಲ್ಲಿ ಉಳಿದ ಅನ್ನ, ಸಾಂಬಾರು, ತರಕಾರಿ ಸಿಪ್ಪೆ ಎಲ್ಲ ಗುಂಡಿಗೆ ಹೋಗಲಿ, ಗೊಬ್ಬರವಾಗಿ ತೊಂಡೆ ಚಪ್ಪರಕ್ಕೆ ಬರಲಿ ಎಂದು ಜೂನ್ 5ರ ಪರಿಸರ ದಿನ ಭಾಷಣ ಬೇರೆ ಮಾಡಿದ್ದೆ. ತಿಂಗಳು ಕಳೆದು ಸ್ವಲ್ಪ ದಿನಕ್ಕೇ ಐದನೇ ಕ್ಲಾಸಿನವರು ಆ ಬದಿಯ ಕಿಟಕಿ ಮುಚ್ಚಿ ಕೂತಿದ್ದರು.

ತಪ್ಪು ಅನ್ನದ್ದಲ್ಲ, ಗಾಳಿಯದ್ದು. ಕಸವನ್ನು ಗೊಬ್ಬರ ಮಾಡುವ ಬ್ಯಾಕ್ಟೀರಿಯಾಗಳಿಗೂ ನಮ್ಮ ಹಾಗೆ ಆಮ್ಲಜನಕ ಬೇಕು. ಅನ್ನ-ಸಾಂಬಾರು ಒತ್ತಾಗಿ ಕೂತು ಮುದ್ದೆಯಾಗುತ್ತದೆ, ಸಂದಿಗಳಲ್ಲೆಲ್ಲ ನೀರು ತುಂಬುತ್ತದೆ. ಆಗ ಗಾಳಿ ಬೇಡದ ಬೇರೆ ಬ್ಯಾಕ್ಟೀರಿಯಾಗಳದ್ದೇ ಕಾರುಬಾರು. ಅವು ಹುಳಿ ಆಮ್ಲಗಳನ್ನೂ ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡನ್ನೂ ಬಿಡುತ್ತವೆ. ಮೇಲಿಂದ ಉಡುಪಿಯ ಜುಲೈ ಮಳೆ. ನಾವು ಮಾಡಿದ್ದು ಗೊಬ್ಬರದ ಗುಂಡಿಯಲ್ಲ, ಸಣ್ಣ ಕೆರೆ.

ಮದ್ದು ಏನು ಎಂದು ಹೇಳಿದವರು ಅಡುಗೆಯ ಅಕ್ಕ. "ದನದ ಹಟ್ಟಿಗೆ ತರಗೆಲೆ ಹಾಕುವುದಿಲ್ವಾ? ಇದಕ್ಕೂ ಹಾಕಿ." ಒಣ ಎಲೆ ಎರಡು ಕೆಲಸ ಮಾಡುತ್ತದೆ. ಮುದ್ದೆಯ ನಡುವೆ ಗಾಳಿಗೆ ಜಾಗ ಬಿಡಿಸುತ್ತದೆ, ಜೊತೆಗೆ ಇಂಗಾಲವನ್ನೂ ಕೊಡುತ್ತದೆ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಬ್ಯಾಕ್ಟೀರಿಯಾಗಳಿಗೆ ಹದವಾದ ಊಟ. ಲೆಕ್ಕ ಬೇಡವೆಂದರೆ ಒಂದು ಬಕೆಟ್ ಹಸಿ ಕಸಕ್ಕೆ ಎರಡು-ಮೂರು ಬಕೆಟ್ ತರಗೆಲೆ ಸಾಕು.

ಸರಿ, ಆದರೆ ಜುಲೈಯಲ್ಲಿ ತರಗೆಲೆ ಎಲ್ಲಿಂದ ತರುವುದು? ಹಿತ್ತಿಲಲ್ಲಿ ಹಲಸು, ಗೇರು, ಮಾವು ಎಲೆ ಉದುರಿಸುವುದು ಬೇಸಿಗೆಯ ಮೊದಲು. ಆಗ ನಾವು ಗುಡಿಸಿ ಬೆಂಕಿ ಹಾಕುತ್ತೇವೆ.

ಕರಾವಳಿಯ ಶಾಲೆಗೆ ಇದೇ ನಿಜವಾದ ಸಮಸ್ಯೆ ಎಂದು ನನಗೆ ಅನ್ನಿಸಿದ್ದು ಆಗ. ನಮ್ಮಲ್ಲಿ ಯಾವುದೂ ಕಡಿಮೆ ಇಲ್ಲ, ಎಲ್ಲವೂ ಬೇಡದ ಹೊತ್ತಿಗೆ ರಾಶಿ ಬೀಳುತ್ತದೆ. ಅಜ್ಜಿಯಂದಿರಿಗೆ ಇದು ಗೊತ್ತಿತ್ತು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಜೋರು ಮಳೆಯ ಆಟಿ ತಿಂಗಳಿಗೆ ಇಟ್ಟರು. ನಾವು ಎಲೆಯನ್ನು ಇಡಲಿಲ್ಲ, ಅಷ್ಟೇ.

ಮರುವರ್ಷ ಫೆಬ್ರವರಿಯಲ್ಲಿ ಮಕ್ಕಳು ತರಗೆಲೆಯನ್ನು ಗೋಣಿಗೆ ತುಂಬಿದರು. ಗುಂಡಿ ಮುಚ್ಚಿಸಿ, ನೆಲದ ಮೇಲೆ ಮುರಕಲ್ಲನ್ನು (ಜಂಬಿಟ್ಟಿಗೆ) ಸಂದಿ ಬಿಟ್ಟು ಜೋಡಿಸಿ ತೊಟ್ಟಿ ಕಟ್ಟಿದೆವು, ಮೇಲೊಂದು ಶೀಟು. ರಾಶಿ ಉದ್ದ, ಅಗಲ, ಎತ್ತರ ಒಂದೊಂದು ಮೀಟರಿನಷ್ಟು ಇದ್ದರೆ ಒಳಗಿನ ಬಿಸಿ ಹೊರಗೆ ಓಡುವುದಿಲ್ಲ, 55–60 ಡಿಗ್ರಿಗೂ ಏರುತ್ತದೆ. ನಮ್ಮಲ್ಲಿ ಥರ್ಮಾಮೀಟರ್ ಇರಲಿಲ್ಲ. ಮಳೆಗಾಲದಲ್ಲಿ ರಾಶಿ ಹಾಕಿದಾಗ ಅದರೊಳಗೆ ಒಂದು ಕಬ್ಬಿಣದ ಸರಳು ಚುಚ್ಚಿಟ್ಟೆವು. ಐದನೇ ದಿನ ಅದನ್ನು ಎಳೆದ ಹುಡುಗಿ ಕೈ ಕೊಡವಿಕೊಂಡು ಕೇಳಿದಳು, "ಒಳಗೆ ಬೆಂಕಿ ಹಾಕಿದ್ದು ಯಾರು?" ಹೊರಗೆ ಮಳೆ ಹೊಯ್ಯುತ್ತಿತ್ತು, ಸರಳಿನ ತುದಿಯಿಂದ ಹಬೆ ಏಳುತ್ತಿತ್ತು. ಆ ಬಿಸಿ ಬ್ಯಾಕ್ಟೀರಿಯಾಗಳ ಉಸಿರಾಟದ್ದೇ. ಉಸಿರಾಟದ ಪಾಠಕ್ಕೆ ಇದಕ್ಕಿಂತ ಒಳ್ಳೆ ದಿನ ಸಿಗಲಿಕ್ಕಿಲ್ಲ.

ಹಸಿ ಕಸವನ್ನು ಹುಟ್ಟಿದಲ್ಲೇ ಮುಗಿಸದಿದ್ದರೆ ಏನಾಗುತ್ತದೆ? ಮಂಗಳೂರಿನವರಿಗೆ ಪಚ್ಚನಾಡಿ ನೆನಪಿರಬಹುದು. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಬೆಟ್ಟ ಜಾರಿ ಕೆಳಗಿನ ಮಂದಾರ ಎಂಬ ಊರಿನ ಮನೆ-ತೋಟಗಳ ಮೇಲೆ ಬಂದಿತ್ತು.

ನೀರಿನದ್ದೂ ಇದೇ ಕಥೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೂ ಏಪ್ರಿಲ್ ಬಂತೆಂದರೆ ಎಲ್ಲರ ಕಣ್ಣು ಉಡುಪಿ ನಗರಕ್ಕೆ ನೀರು ಕೊಡುವ ಬಜೆ ಅಣೆಕಟ್ಟಿನ ನೀರಿನ ಮಟ್ಟದ ಮೇಲೆ. ಒಂದು ಚದರ ಮೀಟರ್ ಮಾಡಿನ (ಛಾವಣಿಯ) ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 200 ಚದರ ಮೀಟರ್ ಮಾಡಿನ ಶಾಲೆಗೆ ವರ್ಷಕ್ಕೆ 8 ಲಕ್ಷ ಲೀಟರ್ ಬೀಳುತ್ತದೆ. ಚಿಮ್ಮಿ, ಸೋರಿ ಒಂದಿಷ್ಟು ಹೋದರೂ ದೊಡ್ಡ ಗಂಟೇ.

ಹಾಗಂತ ಟ್ಯಾಂಕ್ ಕಟ್ಟಿದರೆ ಮುಗಿಯಿತಾ? 10,000 ಲೀಟರಿನ ಟ್ಯಾಂಕ್ 50 ಮಿ.ಮೀ. ಮಳೆಗೇ ತುಂಬಿ ಉಕ್ಕುತ್ತದೆ. ನಮ್ಮಲ್ಲಿ ಅಷ್ಟು ಮಳೆ ಒಂದೇ ದಿನ ಬರುವುದು ಮಾಮೂಲಿ. 150 ಮಕ್ಕಳು ದಿನಕ್ಕೆ ತಲಾ 10 ಲೀಟರ್ ಬಳಸಿದರೆ ಅದು ಒಂದು ವಾರವೂ ಬಾರದು. ಏಪ್ರಿಲ್ ತನಕ ಹೊತ್ತೊಯ್ಯುವ ತಾಕತ್ತು ಇರುವುದು ನೆಲಕ್ಕೆ. ಮೊದಲ ಮಳೆಯ ಕೊಳೆ ನೀರನ್ನು ಬಿಟ್ಟು, ಉಳಿದದ್ದನ್ನು ಜಲ್ಲಿ-ಮರಳಿನಲ್ಲಿ ಸೋಸಿ ಬಾವಿಗೆ ಅಥವಾ ಇಂಗುಗುಂಡಿಗೆ ಇಳಿಸಬೇಕು. ಆದರೆ ನಮ್ಮ ಮುರಕಲ್ಲು ಸ್ಪಂಜಿನ ಹಾಗೆ ತೂತು ತೂತು. ಬೇಗ ಕುಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ. ಗುಡ್ಡದ ಮೇಲಿನ ಶಾಲೆ ಇಂಗಿಸಿದ ನೀರು ಕೆಳಗಿನವರ ಬಾವಿಯಲ್ಲಿ ಕಾಣಿಸಿಕೊಂಡೀತು. ಅದು ನಷ್ಟ ಅಂತ ನಾನಂತೂ ಲೆಕ್ಕ ಹಾಕುವುದಿಲ್ಲ.

ಮಕ್ಕಳಿಗೆ ಇಷ್ಟವಾದದ್ದು ಅಳೆಯುವ ಕೆಲಸ. ಸೋಮವಾರಕ್ಕೊಮ್ಮೆ ಗಂಟು ಹಾಕಿದ ಹಗ್ಗ ಬಾವಿಗಿಳಿಸಿ ನೀರಿನ ಮಟ್ಟ ಬರೆಯುತ್ತಾರೆ. ಮಳೆಗೆ ಒಂದು ನೆಟ್ಟಗಿನ ಡಬ್ಬ, ಒಂದು ಸ್ಕೇಲು. ಡಬ್ಬದ ಬಾಯಿ ದೊಡ್ಡದಾದರೆ ಜಾಸ್ತಿ ಮಳೆ ತೋರಿಸುತ್ತದೆ ಅಲ್ವಾ ಎಂಬುದು ಅವರ ವಾದ. ಬೇರೆ ಬೇರೆ ಅಗಲದ ಮೂರು ಡಬ್ಬ ಇಟ್ಟು ನೋಡಿದರು. ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಬಾಯಿ ಅಗಲವಾದರೆ ನೀರು ಜಾಸ್ತಿ ಬೀಳುತ್ತದೆ, ನಿಜ, ಹರಡಿಕೊಳ್ಳುವ ಜಾಗವೂ ಅಷ್ಟೇ ಜಾಸ್ತಿ.

ಒಂದೇ ತೊಂದರೆ. ಅತಿ ಹೆಚ್ಚು ಮಳೆಯ ದಿನ ಡಿಸಿ ರಜೆ ಕೊಡುತ್ತಾರೆ, ಅಳೆಯಲೇಬೇಕಾದ ದಿನ ಶಾಲೆಯಲ್ಲಿ ಯಾರೂ ಇಲ್ಲ! ಈಗ ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗ ಹವಾಮಾನ ಇಲಾಖೆಯ ಹಾಗೆ ಬೆಳಿಗ್ಗೆ ಎಂಟೂವರೆಗೆ ಕೊಡೆ ಹಿಡಿದು ಬಂದು ಬರೆದಿಟ್ಟು ಹೋಗುತ್ತಾನೆ.

ಅಂದ ಹಾಗೆ, ಕಳೆದ ವರ್ಷ ತರಗೆಲೆಯ ಎರಡು ಗೋಣಿಗೆ ಗೆದ್ದಲು ಹಿಡಿದಿತ್ತು. ಈ ಸಲ ನಾಲ್ಕು ಕಲ್ಲಿನ ಮೇಲೆ ಹಲಗೆ ಹಾಕಿ ಗೋಣಿ ಇಟ್ಟಿದ್ದೇವೆ.