ಸಿಂಕ್ ಉಳಿಸಿಕೊಂಡು ಬಂದವರು: ಪಾಮ್ ಪೈಲಟ್‌ನಿಂದ ಸಿಂಕ್‌ಥಿಂಗ್‌ವರೆಗೆ

ಐಫೋನನ್ನು ಉಬುಂಟು ಲ್ಯಾಪ್‌ಟಾಪಿಗೆ ಜೋಡಿಸಿದರೆ ಈಗ ಫೋಟೋಗಳ ಫೋಲ್ಡರ್ ತೆರೆದುಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಿನ ಹಾಡು, ವಿಡಿಯೋಗಳೂ ಸಿಗುತ್ತವೆ. ಇದರಲ್ಲಿ ದೊಡ್ಡ ವಿಷಯ ಏನಿದೆ ಅನ್ನಿಸಬಹುದು. ಆದರೆ ಲಿನಕ್ಸ್‌ನಲ್ಲಿ (ವಿಂಡೋಸ್‌ಗೆ ಬದಲಿಯಾದ ಮುಕ್ತ ಆಪರೇಟಿಂಗ್ ಸಿಸ್ಟಂ, ಉಬುಂಟು ಅದರ ಒಂದು ರೂಪ) ಐಫೋನ್ ಓದುವ ತಂತ್ರಾಂಶವನ್ನು ಆ್ಯಪಲ್ ಕೊಟ್ಟಿಲ್ಲ. ಕೇಬಲ್‌ನಲ್ಲಿ ಹರಿಯುವ ಬೈಟ್‌ಗಳನ್ನು ನೋಡಿ ನೋಡಿ ಹೊರಗಿನವರು ಬರೆದದ್ದು ಅದು. ಬರೆದದ್ದು ಒಂದು ಸಲ. ಆಮೇಲೆ ಫೋನ್ ಬದಲಾದಾಗೆಲ್ಲ, ಲಿನಕ್ಸ್ ಬದಲಾದಾಗೆಲ್ಲ ಅದನ್ನು ರಿಪೇರಿ ಮಾಡುತ್ತಲೇ ಬಂದಿದ್ದಾರೆ. ಬರೆದವರ ಹೆಸರಾದರೂ ಎಲ್ಲೋ ಒಂದು ಕಡೆ ಸಿಗುತ್ತದೆ. ರಿಪೇರಿಯವರ ಕತೆ ಹೇಳುವವರು ಕಡಿಮೆ.

ಆ ಕತೆ ಶುರುವಾಗುವುದು 1996ರಲ್ಲಿ. ಆ ವರ್ಷ ಪಾಮ್ ಕಂಪನಿ ಪೈಲಟ್ 1000 ಮತ್ತು ಪೈಲಟ್ 5000 ಎಂಬ ಎರಡು ಕೈಯಳತೆಯ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ಚಿಕ್ಕದರಲ್ಲಿ ಮೆಮೊರಿ ಬರೀ 128 ಕೆಬಿ. ಎರಡು ಪುಟ್ಟ ಬ್ಯಾಟರಿ ಹಾಕಿದರೆ ವಾರಗಟ್ಟಲೆ ಓಡುತ್ತಿತ್ತು. ಇದನ್ನು ರೂಪಿಸುವಾಗ ಪಾಮ್ ಸ್ಥಾಪಕ ಜೆಫ್ ಹಾಕಿನ್ಸ್, ಗಾತ್ರ ಸರಿಯಿದೆಯೇ ನೋಡಲು, ಒಂದು ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು ಎನ್ನುವುದು ಎಲ್ಲರಿಗೂ ಗೊತ್ತಿರುವ ಕತೆ. ನನ್ನ ಪ್ರಕಾರ ಅವರ ತಂಡದ ನಿಜವಾದ ಜಾಣತನ ಇದ್ದದ್ದು ಯಂತ್ರ ಕೂರಿಸುವ ಸ್ಟ್ಯಾಂಡಿನಲ್ಲಿ. ಅದರ ಮೇಲೊಂದು ಬಟನ್, ಹೆಸರು ಹಾಟ್‌ಸಿಂಕ್. ಒತ್ತಿದರೆ ಸಾಕು, ವಿಳಾಸ, ಕ್ಯಾಲೆಂಡರ್, ಟಿಪ್ಪಣಿ ಎಲ್ಲ ಕಂಪ್ಯೂಟರಿಗೂ ಹೋಗುತ್ತಿತ್ತು, ಅಲ್ಲಿಂದ ಇಲ್ಲಿಗೂ ಬರುತ್ತಿತ್ತು. ಹೀಗೆ ಎರಡೂ ಕಡೆಯ ಮಾಹಿತಿಯನ್ನು ಸರಿಹೊಂದಿಸುವುದೇ ಸಿಂಕ್.

ಒಳಗಿನ ಲೆಕ್ಕ ಸರಳ. ಪ್ರತಿ ದಾಖಲೆಗೂ ಒಂದು ಗುರುತಿನ ಸಂಖ್ಯೆ, ಜೊತೆಗೆ ಕೆಲವು ಬಿಟ್‌ಗಳು. ಬದಲಾಗಿದ್ದರೆ ಒಂದು ಬಿಟ್, ಅಳಿಸಿದ್ದರೆ ಇನ್ನೊಂದು. ಹಿಂದಿನ ಸಲ ಸಿಂಕ್ ಮಾಡಿದ ಕಂಪ್ಯೂಟರೇ ಎದುರಿಗಿದ್ದರೆ ಗುರುತು ಬಿದ್ದ ದಾಖಲೆಗಳನ್ನು ಮಾತ್ರ ಕಳಿಸಿದರೆ ಆಯಿತು. ಬೇರೆ ಕಂಪ್ಯೂಟರ್ ಆದರೆ ಒಂದೊಂದನ್ನೂ ಹೋಲಿಸಿ ನೋಡಬೇಕು. ಸಂತೆಯಿಂದ ಬಂದ ಮೇಲೆ ಹೊಸ ಖರ್ಚನ್ನಷ್ಟೇ ಲೆಕ್ಕದ ಪುಸ್ತಕಕ್ಕೆ ಬರೆಯುವುದಕ್ಕೂ, ಇಡೀ ಪುಸ್ತಕವನ್ನು ಮೊದಲಿಂದ ತಾಳೆ ನೋಡುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಪಾಮ್ ಕೊಟ್ಟ ತಂತ್ರಾಂಶ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ. ಲಿನಕ್ಸ್‌ನವರಿಗೆ ಏನೂ ಇರಲಿಲ್ಲ. ಅದೇ 1996ರಲ್ಲಿ ಕೆನೆತ್ ಆಲ್ಬನೋವ್ಸ್ಕಿ ಪೈಲಟ್-ಲಿಂಕ್ ಬರೆಯಲು ಶುರುಮಾಡಿದರು. ಸೀರಿಯಲ್ ಕೇಬಲ್‌ನಲ್ಲಿ ಹೋಗುವ ಪ್ರತಿ ಪ್ಯಾಕೆಟ್ಟಿನ ತಲೆಯಲ್ಲೂ ಬಿಇ, ಇಎಫ್, ಇಡಿ ಎಂಬ ಮೂರು ಬೈಟ್‌ಗಳು ಇರುತ್ತಿದ್ದವು. ಒಟ್ಟಿಗೆ ಓದಿದರೆ ‘ಬೀಫೆಡ್’. ಎಂಜಿನಿಯರುಗಳ ತಮಾಷೆ ಇರಬೇಕು. ಅದರ ಒಳಗೆ ಒಂದರ ಮೇಲೊಂದು ಪದರ. ಇದನ್ನೆಲ್ಲ ಬಿಡಿಸಿದ ಮೇಲೆ ಪೈಲಟ್-ಲಿಂಕ್ ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳಬಹುದಾದ ಕೋಡಿನ ಕಟ್ಟು ಆಯಿತು. ಅದರ ಬೆನ್ನ ಮೇಲೆ ಜೆ-ಪೈಲಟ್, ಮತ್ತೆ ಲಿನಕ್ಸ್‌ಗೆ ಡೆಸ್ಕ್‌ಟಾಪ್ ಕಟ್ಟುವ ಎರಡು ಯೋಜನೆಗಳಾದ ಕೆಡಿಇಯವರ ಕೆಪೈಲಟ್, ಗ್ನೋಮ್‌ನವರ ಗ್ನೋಮ್-ಪೈಲಟ್ ಬಂದವು.

ತೊಂದರೆ ಶುರುವಾದದ್ದು ಯುಎಸ್‌ಬಿ ಬಂದ ಮೇಲೆ. ಹಾಕಿನ್ಸ್ ಮತ್ತು ಸಂಗಡಿಗರು ಪಾಮ್ ಬಿಟ್ಟು 1998ರಲ್ಲಿ ಹ್ಯಾಂಡ್‌ಸ್ಪ್ರಿಂಗ್ ಕಂಪನಿ ಕಟ್ಟಿದರು. 1999ರಲ್ಲಿ ಅವರ ವೈಸರ್ ಬಂತು. ಅದರ ಸ್ಟ್ಯಾಂಡಿಗೆ ಯುಎಸ್‌ಬಿ ಕೇಬಲ್. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಗ್ರೆಗ್ ಕ್ರೋ-ಹಾರ್ಟ್‌ಮನ್ ಒಂದು ಡ್ರೈವರ್, ಅಂದರೆ ಆ ಯಂತ್ರದ ಜೊತೆ ಮಾತಾಡುವ ಕೋಡ್ ಬರೆದರು. ಅದರ ಹೆಸರೂ ವೈಸರ್. ಹ್ಯಾಂಡ್‌ಸ್ಪ್ರಿಂಗ್ ಹೋಗಿ ಎಷ್ಟೋ ವರ್ಷ ಆದ ಮೇಲೂ ಕರ್ನಲ್‌ನಲ್ಲಿ ಆ ಹೆಸರು ಉಳಿದುಕೊಂಡಿತು.

ಸೀರಿಯಲ್ ಪೋರ್ಟ್ ಯಾವಾಗಲೂ ಇದ್ದಲ್ಲೇ ಇರುತ್ತದೆ. ಯುಎಸ್‌ಬಿಯ ಪಾಮ್ ಹಾಗಲ್ಲ. ಬಟನ್ ಒತ್ತಿದ ಮೇಲಷ್ಟೇ ಅದು ಕಂಪ್ಯೂಟರಿಗೆ ಕಾಣಿಸುತ್ತಿತ್ತು. ಆಗ ಕರ್ನಲ್ ಎರಡು ಪೋರ್ಟ್ ತೆರೆಯುತ್ತಿತ್ತು. ಸಿಂಕ್ ಆಗುವುದು ಕೆಲವು ಮಾದರಿಗಳಲ್ಲಿ ಒಂದರ ಮೇಲೆ, ಕೆಲವು ಮಾದರಿಗಳಲ್ಲಿ ಇನ್ನೊಂದರ ಮೇಲೆ. ಪೋರ್ಟಿಗೆ ಹೆಸರು ಕೊಡುವ ಕೆಲಸ ಲಿನಕ್ಸ್‌ನ ಯುಡೆವ್ ಎಂಬ ಪ್ರೋಗ್ರಾಮಿನದು. ಅದು ಹೆಸರಿಡುವಷ್ಟರಲ್ಲಿ ಪಾಮ್ ಕಾದು ಕಾದು ಸುಮ್ಮನಾಗಿರುತ್ತಿತ್ತು. ಹಾಗಾಗಿ ಬಳಕೆದಾರರ ನಡುವೆ ಒಂದು ಪದ್ಧತಿಯೇ ಹುಟ್ಟಿತು. ಮೊದಲು ಸ್ಟ್ಯಾಂಡಿನ ಬಟನ್ ಒತ್ತಿ, ಒಂದೆರಡು ಸೆಕೆಂಡ್ ತಡೆದು, ಆಮೇಲೆ ಕಂಪ್ಯೂಟರ್ ಪರದೆಯ ಮೇಲಿನ ಸಿಂಕ್ ಒತ್ತಬೇಕು. ಪೋರ್ಟ್ ತೆರೆಯಲು ಅನುಮತಿಯೂ ಬೇಕು. ಅದಕ್ಕೆ ಬಳಕೆದಾರರನ್ನು ಸೇರಿಸಬೇಕಾದ ಗುಂಪು ಲಿನಕ್ಸ್‌ನ ಒಂದೊಂದು ರೂಪದಲ್ಲಿ, ಅಂದರೆ ಡಿಸ್ಟ್ರೋದಲ್ಲಿ, ಬೇರೆ ಬೇರೆ: ಡೆಬಿಯನ್‌ನಲ್ಲಿ ಒಂದು, ರೆಡ್ ಹ್ಯಾಟ್‌ನಲ್ಲಿ ಇನ್ನೊಂದು.

ಇಂಥ ಕಡೆಯೇ ಪ್ಯಾಕೇಜ್ ಮಾಡುವವರ ಕೆಲಸ ಇರುವುದು. ಕೋಡ್ ಬರೆದ ಮೇಂಟೇನರ್ ಬೇರೆ, ಅದನ್ನು ಡೆಬಿಯನ್‌ಗೋ ಫೆಡೋರಾ ಎಂಬ ಇನ್ನೊಂದು ಡಿಸ್ಟ್ರೋಗೋ ಹೊಂದಿಸಿ ಕೊಡುವ ಪ್ಯಾಕೇಜರ್ ಬೇರೆ. ಯಾವ ಮಾದರಿಗೆ ಯಾವ ಪೋರ್ಟ್, ಯಾರಿಗೆ ಅನುಮತಿ, ಯಾವ ಹೆಸರಿನ ಕೊಂಡಿ ಎನ್ನುವ ನಿಯಮಗಳ ಫೈಲನ್ನು ಪ್ಯಾಕೇಜಿನ ಒಳಗೆ ಇಟ್ಟವರು ಇವರು. ಹತ್ತು ಸಾಲಿನ ಫೈಲ್ ಅಷ್ಟೆ. ಅದು ಸರಿಯಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ದೂರುಗಳ ಮಳೆ.

ಪೈಲಟ್-ಲಿಂಕ್‌ನ 0.12 ಆವೃತ್ತಿ ಈ ಗೊಂದಲಕ್ಕೆ ಒಂದು ಮದ್ದು ತಂದಿತು. ಕರ್ನಲ್ ಡ್ರೈವರನ್ನೇ ಬಿಟ್ಟು ನೇರವಾಗಿ ಯುಎಸ್‌ಬಿ ಜೊತೆ ಮಾತಾಡುವ ದಾರಿ. ಆದರೆ ಬಟನ್ ಒತ್ತಿದ ತಕ್ಷಣ ವೈಸರ್ ಡ್ರೈವರ್ ಮೊದಲೇ ಓಡಿಬಂದು ಪಾಮನ್ನು ಹಿಡಿದುಬಿಡುತ್ತಿತ್ತು. ಕೆಲವು ಡಿಸ್ಟ್ರೋಗಳು ಆ ಡ್ರೈವರನ್ನು ನಿಷೇಧದ ಪಟ್ಟಿಗೆ ಹಾಕಿದವು. ಹೊಸ ದಾರಿ ಹಿಡಿದವರಿಗೆ ಸಿಂಕ್ ಸಲೀಸಾಯಿತು, ಹಳೆಯ ಪೋರ್ಟನ್ನೇ ನಂಬಿದ್ದವರಿಗೆ ಕೆಟ್ಟಿತು. ಜೊತೆಗೆ ಲೈಬ್ರರಿಯ ಆವೃತ್ತಿ ಸಂಖ್ಯೆಯೂ ಏರಿತ್ತು. ಅದನ್ನು ನೆಚ್ಚಿಕೊಂಡ ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಕಟ್ಟಬೇಕಾಯಿತು. ಇಷ್ಟೆಲ್ಲ ಆಗುವ ಹೊತ್ತಿಗೆ ಪಾಮ್‌ನ ಕಾಲವೇ ಮುಗಿಯುತ್ತ ಬಂದಿತ್ತು. 2010ರಲ್ಲಿ ಎಚ್‌ಪಿ ಅದನ್ನು ಕೊಂಡಿತು, ಮರುವರ್ಷವೇ ಯಂತ್ರ ಮಾಡುವುದನ್ನು ನಿಲ್ಲಿಸಿತು. ಪರೀಕ್ಷಿಸಲು ಕೈಯಲ್ಲಿ ಪಾಮ್ ಇರುವ ಡೆವಲಪರುಗಳೇ ಕಡಿಮೆಯಾದರು. ಕೆಡಿಇ 4ರ ಕಾಲದಲ್ಲಿ ಕೆಪೈಲಟ್ ಹೊರಗುಳಿಯಿತು. ಇಂಥ ತಂತ್ರಾಂಶ ದೋಷದಿಂದ ಸಾಯುವುದು ಅಪರೂಪ. ಪರೀಕ್ಷೆಗೆ ಯಂತ್ರ ಇಲ್ಲದೆ ಸಾಯುವುದೇ ಜಾಸ್ತಿ.

ಇದೇ ಹೊತ್ತಿನಲ್ಲಿ ನಮ್ಮ ಬೆಂಗಳೂರಿನಲ್ಲೂ ಒಂದು ಕೈಯಳತೆಯ ಯಂತ್ರ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ರೂಪಿಸಿದ ಸಿಂಪ್ಯೂಟರ್. ಒಳಗೆ ಓಡುತ್ತಿದ್ದದ್ದು ಲಿನಕ್ಸ್. 2001ರಲ್ಲಿ ಮಾದರಿ ತೋರಿಸಿದರು, 2004ರಲ್ಲಿ ಬಿಇಎಲ್ ಜೊತೆ ಸೇರಿ ‘ಅಮಿಡಾ’ ಹೆಸರಿನಲ್ಲಿ ಮಾರಾಟಕ್ಕೆ ಬಂತು. ನಿರೀಕ್ಷಿಸಿದಷ್ಟು ಓಡಲಿಲ್ಲ. ಆದರೆ ಅದಕ್ಕಾಗಿ ರಮೇಶ್ ಹರಿಹರನ್ ಮತ್ತು ಜೊತೆಗಾರರು ಬರೆದ ‘ಧ್ವನಿ’, ಅಂದರೆ ಕನ್ನಡ, ಹಿಂದಿ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶ, ಯಂತ್ರಕ್ಕಿಂತ ಹೆಚ್ಚು ಕಾಲ ಬಾಳಿತು. ಅದರ ಕೋಡ್ ಮುಕ್ತವಾಗಿತ್ತು. ಆಮೇಲೆ ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನವರು ಅದನ್ನು ಮುಂದುವರಿಸಿ ಇನ್ನಷ್ಟು ಭಾಷೆ ಸೇರಿಸಿದರು.

ಎಲ್ಲ ಯಂತ್ರಗಳಿಗೂ ಒಂದೇ ಸಿಂಕ್ ಭಾಷೆ ತರುವ ಪ್ರಯತ್ನವೂ ನಡೆಯಿತು. ನೋಕಿಯಾ, ಎರಿಕ್‌ಸನ್, ಮೋಟೊರೋಲಾ, ಐಬಿಎಂ, ಪಾಮ್ ಮುಂತಾದವರು ಸೇರಿ 2000ದಲ್ಲಿ ಸಿಂಕ್‌ಎಂಎಲ್ ತಂದರು. ಹೆಸರಿಗೆ ಒಂದೇ, ಆದರೆ ಫೋನಿಗೊಂದು ಚಾಳಿ. ಓಪನ್‌ಸಿಂಕ್ ಎಂಬ ಯೋಜನೆ ಎಲ್ಲವನ್ನೂ ಒಂದೇ ಚೌಕಟ್ಟಿಗೆ ತರಲು ಹೊರಟಿತ್ತು. ಅದರ 0.22 ಆವೃತ್ತಿ ಕೆಲಸಕ್ಕೆ ಬರುತ್ತಿತ್ತು. ಆಮೇಲೆ ಒಳಗಿನದನ್ನೆಲ್ಲ ಹೊಸದಾಗಿ ಕಟ್ಟಲು ಕೂತರು. ಎಲ್ಲರೂ ಕಾದ 0.40 ಬರಲೇ ಇಲ್ಲ. ಪ್ಯಾಕೇಜರ್‌ಗಳಿಗೆ ಇದಕ್ಕಿಂತ ದೊಡ್ಡ ಇಕ್ಕಟ್ಟು ಇಲ್ಲ. ಹಳೆಯದನ್ನೇ ಇಟ್ಟುಕೊಂಡರೆ ಹೊಸ ಫೋನ್‌ಗಳು ಸಿಂಕ್ ಆಗುವುದಿಲ್ಲ, ಹೊಸದನ್ನು ಹಾಕಿದರೆ ಜನರ ವಿಳಾಸ ಪುಸ್ತಕದಲ್ಲಿ ಒಂದೊಂದು ಹೆಸರು ಮೂರು ಮೂರು ಸಲ.

ಆ್ಯಪಲ್ ಜೊತೆಗಿನ ಕತೆ ಬೇರೆಯದೇ ತರಹದ್ದು. ಇಲ್ಲಿ ಬಾಗಿಲು ಬೇಕಂತಲೇ ಮುಚ್ಚಿತು. ಐಪಾಡ್ ತನ್ನ ಹಾಡುಗಳ ಪಟ್ಟಿಯನ್ನು ಒಂದು ಡೇಟಾಬೇಸ್ ಫೈಲಿನಲ್ಲಿ ಇಡುತ್ತದೆ. ಲಿನಕ್ಸ್‌ನವರ ಲಿಬ್‌ಜಿಪಾಡ್ ಎಂಬ ಲೈಬ್ರರಿ ಆ ಫೈಲನ್ನು ಬರೆಯಲು ಕಲಿತಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಐಪಾಡ್‌ಗಳು ಆ ಫೈಲಿಗೆ ಒಂದು ಹ್ಯಾಶ್, ಅಂದರೆ ತಾಳೆ ನೋಡುವ ಸಂಖ್ಯೆ, ಕೇಳತೊಡಗಿದವು. ಅದು ಆಯಾ ಐಪಾಡಿನ ಗುರುತಿನ ಸಂಖ್ಯೆಯಿಂದ ಹುಟ್ಟುವ ಲೆಕ್ಕ. ಹ್ಯಾಶ್ ತಪ್ಪಿದರೆ ಹಾಡೇ ಇಲ್ಲ ಅಂತ ಐಪಾಡ್ ತೋರಿಸುತ್ತಿತ್ತು. ಕೆಲವೇ ದಿನಗಳಲ್ಲಿ ಆ ಲೆಕ್ಕವನ್ನು ಒಡೆದರು. ಮುಂದಿನ ಮಾದರಿಗಳಲ್ಲಿ ಹ್ಯಾಶ್ ಇನ್ನೂ ಕಠಿಣವಾಯಿತು. 2008ರ ನವೆಂಬರ್‌ನಲ್ಲಿ ಬ್ಲೂವಿಕಿ ಎಂಬ ಜಾಲತಾಣದಲ್ಲಿ ಇದರ ಬಗ್ಗೆ ನಡೆಯುತ್ತಿದ್ದ ಚರ್ಚೆಯನ್ನು ತೆಗೆಯಿರಿ ಎಂದು ಆ್ಯಪಲ್ ವಕೀಲರು ಪತ್ರ ಬರೆದರು. ಬ್ಲೂವಿಕಿ ನಡೆಸುತ್ತಿದ್ದವರು ಡಿಜಿಟಲ್ ಹಕ್ಕುಗಳ ಸಂಸ್ಥೆಯಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ನೆರವಿನಿಂದ 2009ರ ಏಪ್ರಿಲ್‌ನಲ್ಲಿ ಕೋರ್ಟಿಗೆ ಹೋದರು. ಜುಲೈನಲ್ಲಿ ಆ್ಯಪಲ್ ತನ್ನ ಬೇಡಿಕೆ ಹಿಂದೆಗೆದುಕೊಂಡಿತು.

ಐಫೋನಿನ ಜೊತೆ ಮಾತಾಡಲು ಲಿಬ್‌ಐಮೊಬೈಲ್‌ಡಿವೈಸ್ ಎಂಬ ಲೈಬ್ರರಿ ಬಂತು. 2013ರಲ್ಲಿ ಐಒಎಸ್ 7, ಹೊಸ ಕಂಪ್ಯೂಟರಿಗೆ ಜೋಡಿಸಿದಾಗ ‘ಇದನ್ನು ನಂಬಬಹುದೇ’ ಎಂದು ಕೇಳಲು ಶುರುಮಾಡಿತು. ಇದು ನ್ಯಾಯವಾದ ಕಾವಲು. ಸಿಕ್ಕಸಿಕ್ಕ ಚಾರ್ಜಿಂಗ್ ಪೋರ್ಟಿನಿಂದ ಫೋನಿನ ಮಾಹಿತಿ ಕದಿಯದಿರಲಿ ಅಂತ ಮಾಡಿದ್ದು. ಆದರೆ ಲಿನಕ್ಸ್‌ನಲ್ಲಿ ನಂಬುತ್ತೇನೆ ಅಂತ ಒತ್ತಿದರೂ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ. ಡೆವಲಪರುಗಳು ಸರಿಮಾಡಿದರು. ಆದರೆ ದೀರ್ಘಾವಧಿಯ ಡಿಸ್ಟ್ರೋಗಳಿಗೆ ಒಂದು ನಿಯಮ ಇದೆ. ಒಮ್ಮೆ ಬಿಡುಗಡೆ ಆದ ಮೇಲೆ ಹೊಸ ಆವೃತ್ತಿ ಹಾಕುವಂತಿಲ್ಲ, ಬೇಕಾದಷ್ಟೇ ಪ್ಯಾಚ್ (ತಿದ್ದುಪಡಿಯ ತುಣುಕು) ಕತ್ತರಿಸಿ ಹಳೆಯದಕ್ಕೆ ಹೊಲಿಯಬೇಕು. ಸರ್ವರಿಗೆ ಈ ನಿಯಮ ವರ. ವರ್ಷಕ್ಕೊಮ್ಮೆ ಹೊಸ ಐಒಎಸ್ ಬರುವ ಫೋನಿಗೆ ಶಾಪ.

ಆ ಕಡೆ ಲಿಬ್‌ಐಮೊಬೈಲ್‌ಡಿವೈಸ್‌ನ ಮೂಲ ಯೋಜನೆಯಲ್ಲೂ ಜನ ಕಡಿಮೆ. 1.2.0 ಬಂದದ್ದು 2015ರ ಜನವರಿಯಲ್ಲಿ, 1.3.0 ಬಂದದ್ದು 2020ರ ಜೂನ್‌ನಲ್ಲಿ. ನಡುವಿನ ಐದು ವರ್ಷ ಕೋಡ್ ಬದಲಾಗುತ್ತಲೇ ಇತ್ತು, ಬಿಡುಗಡೆ ಮಾತ್ರ ಇಲ್ಲ. ಡೆಬಿಯನ್ ಪ್ಯಾಕೇಜರ್‌ಗಳು ಕೊನೆಗೆ 2018ರ ಅಕ್ಟೋಬರ್‌ನ ಒಂದು ದಿನದ ಕೋಡನ್ನೇ ತೆಗೆದು ಪ್ಯಾಕೇಜ್ ಮಾಡಿದರು. ಬಿಡುಗಡೆಯಾಗದ ಕೋಡನ್ನು ಆರಿಸಿ, ಇದು ಸಾಕಷ್ಟು ಗಟ್ಟಿ ಎಂದು ತೀರ್ಮಾನಿಸುವುದು ಸಣ್ಣ ಜವಾಬ್ದಾರಿಯಲ್ಲ, ಅಲ್ವಾ?

ಆಂಡ್ರಾಯ್ಡ್ ಮೊದಮೊದಲು ಪೆನ್‌ಡ್ರೈವ್ ತರಹ ಕಾಣಿಸುತ್ತಿತ್ತು. 2011ರ ಆಂಡ್ರಾಯ್ಡ್ 3.0ರಿಂದ ಎಂಟಿಪಿ ಎಂಬ ಫೈಲ್ ಸಾಗಿಸುವ ರೀತಿಗೆ ಬದಲಾಯಿತು. ಹಳೆಯ ರೀತಿಯಲ್ಲಿ ಫೋನಿನ ಮೆಮೊರಿ ಕಾರ್ಡನ್ನು ಕಂಪ್ಯೂಟರ್ ಓದುವಾಗ ಫೋನ್ ಅದನ್ನು ಬಿಟ್ಟುಕೊಡಬೇಕಿತ್ತು, ಹೊಸ ರೀತಿಯಲ್ಲಿ ಇಬ್ಬರೂ ಬಳಸಬಹುದು. ಲಿನಕ್ಸ್‌ನಲ್ಲಿ ಎಂಟಿಪಿ ನೋಡಿಕೊಳ್ಳುವ ಲಿಬ್‌ಎಂಟಿಪಿಯ ಒಳಗೆ ಸಾಧನಗಳ ಉದ್ದನೆಯ ಪಟ್ಟಿಯೇ ಇದೆ. ಯಾವ ಫೋನಿಗೆ ಯಾವ ಕೊರತೆ ಅಂತ ಎದುರಿಗೆ ಬರೆದಿದ್ದಾರೆ. ‘ಆಂಡ್ರಾಯ್ಡ್ ಬಗ್ಸ್’ ಎಂಬ ಹೆಸರಿನ ಒಂದು ಗುರುತು ಸಾಲು ಸಾಲಾಗಿ ಸಿಗುತ್ತದೆ.

ವಿಳಾಸ ಮತ್ತು ಕ್ಯಾಲೆಂಡರ್ ಅಷ್ಟರಲ್ಲಿ ಕೇಬಲ್ ಬಿಟ್ಟು ಇಂಟರ್ನೆಟ್ಟಿಗೆ ಹೋಗಿದ್ದವು. ಕ್ಯಾಲೆಂಡರಿನ ಕ್ಯಾಲ್‌ಡ್ಯಾವ್ 2007ರಲ್ಲಿ, ವಿಳಾಸಗಳ ಕಾರ್ಡ್‌ಡ್ಯಾವ್ 2011ರಲ್ಲಿ ಮುಕ್ತ ಮಾನದಂಡಗಳಾದವು. ಸಿಂಕ್‌ಎಂಎಲ್‌ಗೆ ಆಗದ್ದು ಇವುಗಳಿಗೆ ಆಯಿತು. ಉಳಿದದ್ದು ಫೈಲುಗಳು. ಅದಕ್ಕೆ 2013ರ ಕೊನೆಗೆ ಸಿಂಕ್‌ಥಿಂಗ್ ಬಂತು. ನಡುವೆ ಯಾವ ಕಂಪನಿಯ ಕ್ಲೌಡೂ ಇಲ್ಲದೆ ಫೋನ್, ಕಂಪ್ಯೂಟರ್ ತಾವೇ ಫೈಲ್ ಹಂಚಿಕೊಳ್ಳುತ್ತವೆ.

ಇಲ್ಲಿ ಬೈಟ್ ಬಿಡಿಸುವ ಕಷ್ಟ ಇಲ್ಲ, ಎರಡೂ ತುದಿಯ ಕೋಡ್ ನಮ್ಮದೇ. ಹಾಗಿದ್ದೂ 2024ರ ಅಕ್ಟೋಬರ್‌ನಲ್ಲಿ ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ ನಿಲ್ಲಿಸುವ ಘೋಷಣೆ ಬಂತು. ಡಿಸೆಂಬರ್‌ನದು ಕೊನೆಯ ಬಿಡುಗಡೆ. ಕಾರಣ ಎರಡು: ಗೂಗಲ್ ಪ್ಲೇನಲ್ಲಿ ಪ್ರಕಟಿಸುವುದು ಕಷ್ಟವಾಗುತ್ತ ಹೋದದ್ದು, ಆ್ಯಪನ್ನು ಸಕ್ರಿಯವಾಗಿ ನೋಡಿಕೊಳ್ಳುವವರು ಇಲ್ಲದಿದ್ದದ್ದು. ಆ್ಯಪಿನ ಇನ್ನೊಂದು ಕವಲು ಬೇರೆಯವರ ಕೈಯಲ್ಲಿ ಮುಂದುವರಿಯಿತು, ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತಿತ್ತು.

ಎಫ್-ಡ್ರಾಯ್ಡ್ ಎಂದರೆ ಆಂಡ್ರಾಯ್ಡ್‌ಗೆ ಡೆಬಿಯನ್ ಇದ್ದ ಹಾಗೆ. ಮೂಲ ಕೋಡ್ ತೆಗೆದುಕೊಂಡು ತಾನೇ ಆ್ಯಪ್ ಕಟ್ಟಿ, ಬಹುಪಾಲಿಗೆ ತಾನೇ ಡಿಜಿಟಲ್ ಸಹಿ ಹಾಕಿ ಕೊಡುತ್ತದೆ. 2025ರ ಆಗಸ್ಟ್‌ನಲ್ಲಿ ಗೂಗಲ್ ಹೊಸದೊಂದು ನಿಯಮ ಹೇಳಿತು. ಪ್ಲೇ ಸ್ಟೋರಿನ ಹೊರಗಿನ ಆ್ಯಪ್ ಆದರೂ ಅದರ ಡೆವಲಪರ್ ತನ್ನ ಗುರುತು ದಾಖಲಿಸಬೇಕು. ಮೊದಲು 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಲ್ಲಿ, ಆಮೇಲೆ ಉಳಿದ ದೇಶಗಳಲ್ಲಿ. ಬೇರೆಯವರು ಬರೆದ ಆ್ಯಪ್‌ಗಳನ್ನು ಎಫ್-ಡ್ರಾಯ್ಡ್ ತನ್ನದು ಅಂತ ದಾಖಲಿಸುವ ಹಾಗಿಲ್ಲ, ಬರೆದವರೆಲ್ಲ ಬಂದು ದಾಖಲಿಸಲಿ ಅಂತ ಒತ್ತಾಯಿಸುವ ಹಾಗೂ ಇಲ್ಲ. ಹೀಗಾದರೆ ಯೋಜನೆಯೇ ಮುಚ್ಚಬೇಕಾದೀತು ಎಂದು ಅವರು ಸೆಪ್ಟೆಂಬರ್‌ನಲ್ಲಿ ಹೇಳಿದರು. ನವೆಂಬರ್‌ನಲ್ಲಿ ಗೂಗಲ್ ಸ್ವಲ್ಪ ಸಡಿಲಿಸಿತು. ಅಪಾಯ ಗೊತ್ತಿದ್ದೂ ದಾಖಲಾಗದ ಆ್ಯಪ್ ಹಾಕಿಕೊಳ್ಳುವ ಅನುಭವಿ ಬಳಕೆದಾರರಿಗೆ ಬೇರೆ ದಾರಿ ಇಡುತ್ತೇವೆ ಎಂದಿತು. ಆ ದಾರಿಯಲ್ಲಿ ಎಷ್ಟು ಎಚ್ಚರಿಕೆಯ ಪರದೆ ದಾಟಬೇಕಾಗುತ್ತದೆ ಎನ್ನುವುದರ ಮೇಲೆ, ಈ ಆ್ಯಪ್‌ಗಳನ್ನು ಕಟ್ಟಿ ಕೊಡುವವರ ಮುಂದಿನ ಕೆಲಸ ನಿಂತಿದೆ.